ನನ್ನ ಗೋಡೆ, ಈರಮ್ಮನ ಒಲೆ

ಕಳೆದ ವಾರದ ಮಳೆಗೆ ನನ್ನ ಕಾಂಪೌಂಡ್ ಗೋಡೆ ಬಿತ್ತು. ನನ್ನ ಕಡೆ ಬಿದ್ದಿದ್ದರೆ ಅದೇನು ಸುದ್ದಿಯಲ್ಲ. ಪಕ್ಕದ ಮನೆಯ ಈರಮ್ಮನ ಅಡುಗೆ ಶೆಡ್ ಮೇಲೆ ಬಿತ್ತು.

ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಆದರೆ ಒಲೆ, ರೊಟ್ಟಿ ಬೇಯಿಸುವ ಹಂಚು ಎಲ್ಲ ಇಟ್ಟಿಗೆಯಡಿ. ಈರಮ್ಮ ರೊಟ್ಟಿ ಮಾರಿ ಬದುಕುವವರು. ಸಂಜೆ ಬಡಿದಿಟ್ಟ ರೊಟ್ಟಿ ಬೆಳಿಗ್ಗೆ ಯಶವಂತನಗರದ ಗಣಿ ಕಂಪನಿ ಬಸ್ಸು ಹತ್ತಬೇಕು. ಒಂದು ದಿನ ತಪ್ಪಿದರೆ ಆರ್ಡರ್ ಬೇರೆಯವರ ಪಾಲು. (ಮೈನಿಂಗ್ ಶುರುವಾದ ಮೇಲೆ ಹೊಸಪೇಟೆಯಲ್ಲಿ ಗಲ್ಲಿಗೊಂದು ಖಾನಾವಳಿ. ಕಾಯುವವರು ಯಾರು?)

ನಾನು ಲಾರಿ ಸ್ಪೇರ್‌ಪಾರ್ಟ್ಸ್ ವ್ಯಾಪಾರಿ. ಚಹಾ ಆರುವಷ್ಟರಲ್ಲಿ ನನ್ನ ವಾದ ರೆಡಿ. ಗೋಡೆ ನನ್ನದು, ಒಪ್ಪಿದೆ. ಆದರೆ ಮಳೆನೀರು ಹೋಗಲು ಬುಡದಲ್ಲಿ ಬಿಟ್ಟಿದ್ದ ಕಿಂಡಿಗೆ ಸಿಮೆಂಟ್ ಮೆತ್ತಿದ್ದು ಯಾರು? ಈರಮ್ಮ. ನಮ್ಮ ಅಂಗಳದ ಅದಿರು ಧೂಳಿನ ಕೆಂಪು ನೀರು ಅವರ ಶೆಡ್ಡಿಗೆ ನುಗ್ಗುತ್ತದೆ ಅಂತ. ನೀರು ನಿಂತಿತು, ಗೋಡೆ ನೆನೆಯಿತು, ಮಲಗಿತು. ಹಾಗಾಗಿ ಫಿಫ್ಟಿ-ಫಿಫ್ಟಿ.

ಅಷ್ಟರಲ್ಲಿ ಈರಮ್ಮನೇ ಬಂದರು. ಬಾಗಿಲಿಂದಲ್ಲ, ಬಿದ್ದ ಗೋಡೆ ದಾಟಿಕೊಂಡು. ಸೊಂಟದ ಮೇಲೆ ಹಿಟ್ಟಿನ ಡಬ್ಬಿ.

“ಅಕ್ಕಾ, ಆ ಕಿಂಡಿ ನೀವು...” ಎಂದು ಶುರುಮಾಡಿದೆ.

“ಹೌದು ತಮ್ಮಾ, ಕಿಂಡಿ ನಾನೇ ಮುಚ್ಚಿದ್ದು. ಗ್ವಾಡಿ ನಿಂದ. ಜಗಳ ಎಲ್ಲಿ ಓಡಿ ಹೋಗ್ತೈತಿ, ನಾಳೆ ಆಡೂಣು. ಈಗ ನಿಮ್ಮ ಒಲಿ ಖಾಲಿ ಐತೇನು?”

ನನ್ನ ಹೆಂಡತಿ ಒಳಗಿಂದಲೇ ಅಂದಳು: “ಬರ್ರಿ ಅಕ್ಕಾ, ಹಂಚು ಕಾಯಾಕ ಇಟ್ಟೀನಿ. ಅವರದು ಇದ್ದದ್ದ. ಸ್ಪೇರ್‌ಪಾರ್ಟ್ ಮಾರೋರಿಗೆ ಮನಷಾರೂ ಬಿಡಿಬಿಡಿಯಾಗೇ ಕಾಣ್ತಾರ.”

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಆ ಸದ್ದಿಗೆ ನನ್ನ ಮನಸ್ಸು ಕಂಪ್ಲಿಯ ಓಣಿಗೆ ಹೋಗಿಬಿಟ್ಟಿತು.

ನಾನು ಹುಟ್ಟಿ ಬೆಳೆದ ಓಣಿ ಅದು. ನಮಗೂ ಪಕ್ಕದವರಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದು ಯಾರದು? ಯಾರಿಗೆ ಗೊತ್ತು! ಹಬ್ಬ ಬಂತೆಂದರೆ ಈ ಮುಖ ನಮ್ಮವ್ವ ಸಾರಿಸುತ್ತಿದ್ದಳು, ಆ ಮುಖ ಅವರ ಅಜ್ಜಿ. ಮಳೆಗೆ ಬೀಳುತ್ತಿತ್ತು. ಬಿದ್ದರೆ, ಯಾರ ಒಲೆ ಒಣಗಿದೆಯೋ ಅಲ್ಲಿ ಎರಡೂ ಮನೆಯ ಅಡುಗೆ. ಗಂಡಸರು ಕೂಡಿ ಮಣ್ಣು ತುಳಿಯುತ್ತಿದ್ದರು. ನಾವು ತುಳಿಯುವ ನೆಪದಲ್ಲಿ ಅದರಲ್ಲೇ ಹೊರಳಿ ಬೈಸಿಕೊಳ್ಳುತ್ತಿದ್ದೆವು. ಗೋಡೆ ಏಳುವವರೆಗೆ ಅವರ ಮನೆಯ ಪುಂಡಿಪಲ್ಯ ನನ್ನ ತಟ್ಟೆಯಲ್ಲಿ. ಗೋಡೆ ಎದ್ದ ದಿನ ನನಗೆ ಒಳಗೊಳಗೇ ಬೇಜಾರು.

ಈಗ? ಅದಿರಿನ ದುಡ್ಡು ಬಂತು, ಎಲ್ಲರಿಗೂ ಸ್ವಂತ ಕಾಂಪೌಂಡ್ ಬಂತು. ನಾನೂ ಧೂಳು ಬರಬಾರದೆಂದು ಎತ್ತರಕ್ಕೆ ಕಟ್ಟಿಸಿದೆ. ಧೂಳು ಬರುತ್ತಲೇ ಇತ್ತು. ಬರುವುದು ಬಿಟ್ಟವರು ಈರಮ್ಮ.

ಮರುದಿನ ರೊಟ್ಟಿ ಸರಿಯಾಗಿ ಬಸ್ಸು ಹತ್ತಿತು. ಆಮೇಲೆ ಈರಮ್ಮ ಮಾತಿಗೆ ಕೂತರು. “ಗ್ವಾಡಿ ನೀ ಕಟ್ಟಸು, ಒಲಿನೂ ನೀನೇ ಹಾಕಸು. ಕಿಂಡಿಗೆ ಪೈಪ್ ನಾ ತರ್ತೀನಿ.”

“ಪೈಪ್ ಅಷ್ಟೇನಾ ಅಕ್ಕಾ?”

“ಮತ್ತ ಬಾಯಾಗಿಂದು ಯಾರ ರೊಟ್ಟಿ?”

ಬಾಯಿ ತುಂಬಿದ್ದಾಗ ಚೌಕಾಸಿ ಆಗುವುದಿಲ್ಲ. ಒಪ್ಪಿದೆ.

ನಿಮಗೂ ಒಂದು ಮಾತು. ಗೋಡೆ ಕಟ್ಟುವಾಗ ನೀರಿಗೆ ದಾರಿ ಬಿಡಿ, ಪಕ್ಕದವರನ್ನು ಕೇಳಿಯೇ ಬಿಡಿ. ಬಿದ್ದರೆ, ತಪ್ಪು ಯಾರದೆಂದು ಹುಡುಕುವ ಮುಂಚೆ ಅವರ ಮನೆಯಲ್ಲಿ ಇವತ್ತು ಒಲೆ ಹೊತ್ತುತ್ತದೆಯೇ ನೋಡಿ. ಲೆಕ್ಕ ಆಮೇಲೂ ಆಗುತ್ತದೆ.

ನಿನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೋಮವಾರ ಗೋಡೆ ಕಟ್ಟಲು ಗೌಂಡಿ ಬರುತ್ತಾನೆ ಎಂದೆ. ಹೆಂಗಸರಿಬ್ಬರೂ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿ ಒಟ್ಟಿಗೇ ಕೇಳಿದರು:

“ಅಷ್ಟು ಜಲ್ದಿ ಏನೈತಿ?”