ತಿರುಗೂಕೆ ಜಾಗ

ಗೇರುಸೊಪ್ಪದ ಕಾಡಿನಿಂದ ಸೌದೆ ತರುತ್ತಿದ್ದ ಒಬ್ಬ ಹೆಂಗಸು, ನಮ್ಮ ಗೆಳೆಯರ ಗುಂಪಿನ ಚಾರಣಕ್ಕೆ ಮೊದಲು ಕಾಲುದಾರಿ ನೋಡಿ ಬರುತ್ತಿದ್ದರು. ಇಕ್ಕಟ್ಟಾದ ಕಡೆಗಳಲ್ಲಿ ತಲೆಹೊರೆಯೊಂದಿಗೆ ನಿಂತು ಹಿಂದಕ್ಕೆ ತಿರುಗುವರು. ಹೊರೆ ಪಕ್ಕದ ಮಣ್ಣಿನ ದರೆಗೆ ತಾಗಿದರೆ ಆ ದಾರಿ ಬೇಡ.

"ಹೋಗೂದು ಎಂತ ದೊಡ್ಡದು? ತಿರುಗೂಕೆ ಜಾಗ ಬೇಕು," ಎನ್ನುವರು.

ನನ್ನ ದಿನಚರಿಯಲ್ಲಿ ಅವರು ನೋಡಿದ ದಾರಿ ಹದಿಮೂರು, ಬೇಡವೆಂದದ್ದು ನಾಲ್ಕು. ಗೆಳೆಯರು ಒಬ್ಬೊಬ್ಬರಾಗಿ ಚಾರಣ ಬಿಟ್ಟರು. 2004ರ ಡಿಸೆಂಬರ್‌ನಲ್ಲಿ ನಾನೊಬ್ಬನೇ ಅವರಲ್ಲಿಗೆ ಹೋದೆ.

"ದಾರಿ ಅಡ್ಡಿಲ್ಲ. ಆದ್ರೆ ಒಬ್ನೇ ಹೋಗೂದು ಬೇಡ ತಮಾ."

"ನೀವು ದಿನಾ ಒಬ್ರೇ ಹೋಗ್ತ್ರಲ್ಲ ಅಕ್ಕಾ?"

"ನೀ ತಿರುಗಿ ಬರದಿದ್ರೆ ಮನೇಲಿ ಹುಡುಕ್ತ್ರು. ನನ್ನ ಯಾರು ಹುಡುಕ್ತ್ರು?" ಎಂದು ನಕ್ಕು, ಕತ್ತಿ ಹಿಡಿದು ಗುಡ್ಡ ಹತ್ತಿದರು.

ನಾನು ಹತ್ತಲಿಲ್ಲ, ಊರಿಗೂ ಮರಳಲಿಲ್ಲ. ಸಂಜೆ ಅವರು ಇಳಿದು ಬರುವವರೆಗೂ ಕಾಡಿನಂಚಿನಲ್ಲಿ ಕಾಯುತ್ತ ಕುಳಿತೆ.