ಮೇಸ್ತ್ರಿಯ ಮೂಗಿಗೆ ಸಿಗದ ಗ್ಯಾಸು

ವಿದ್ಯುತ್ ಸ್ಥಾವರದ ಕಲ್ಲಿದ್ದಲು ಅಂಗಳದಲ್ಲಿ ಮೇಸ್ತ್ರಿಗಿಂತ ಮೇಸ್ತ್ರಿಯ ಮೂಗಿಗೇ ಹೆಚ್ಚು ಮರ್ಯಾದೆ. ಬೆಟ್ಟದಂಥ ರಾಶಿಯ ಒಡಲಲ್ಲಿ ಕಲ್ಲಿದ್ದಲು ತಾನಾಗಿಯೇ ಕಾವು ಹಿಡಿದರೆ, ಹೊಗೆ ಏಳುವ ಮೊದಲೇ ಗಾಳಿ ಮೂಸಿ ಜಾಗ ತೋರಿಸುತ್ತಿದ್ದ. ಅಗೆದರೆ ಕೆಂಡ. ಹೆಂಡತಿ ಮಾತ್ರ ಈ ಮೂಗಿನಿಂದ ಬೇಸತ್ತಿದ್ದಳು. ಹಾಲು ತಳ ಹಿಡಿಯುವ ಮೊದಲೇ ಬೀದಿಯ ಆ ತುದಿಯಿಂದ ಕೂಗು ಹಾಕುವ ಗಂಡನ ಜೊತೆ ಯಾರು ತಾನೇ ಏಗುತ್ತಾರೆ?

ಆಮೇಲೆ ಕಲ್ಲಿದ್ದಲು ಹೋಯಿತು. ದೂರದ ದೇಶದಲ್ಲಿ ಕೊರೆಯುವಷ್ಟು ತಣ್ಣಗಾಗಿಸಿ ದ್ರವ ಮಾಡಿದ ಗ್ಯಾಸು ಹಡಗಿನಲ್ಲಿ ಬಂದು, ಮತ್ತೆ ಗ್ಯಾಸಾಗಿ ಕೊಳವೆಯಲ್ಲಿ ಹರಿಯತೊಡಗಿತು. ಚಿಮಣಿಯ ಕರಿಹೊಗೆ ನಿಂತಿತು. ಪಕ್ಕದ ಬೀದಿಯಲ್ಲಿ ಲಾಂಡ್ರಿ ಇಟ್ಟಿದ್ದ ಮೇಸ್ತ್ರಿಯ ಅಕ್ಕ ಬಿಳಿ ಬಟ್ಟೆಗಳನ್ನು ಧೈರ್ಯವಾಗಿ ಹೊರಗೆ ಒಣಹಾಕಿದಳು. ಅವಳ ಹಳೆಯ ಕೆಮ್ಮೂ ತಗ್ಗಿತು. ಆದರೂ ಅವಳು ಸುಮ್ಮನಿರುವವರ ಪೈಕಿಯಲ್ಲ, ಗ್ಯಾಸು ಸೋರಿದರೆ ಗತಿಯೇನು ಎಂದು ಪಟ್ಟು ಹಿಡಿದಳು. ನನ್ನ ಮೂಗಿರುವಾಗ ನಿನಗ್ಯಾಕೆ ಚಿಂತೆ ಎಂದ ಮೇಸ್ತ್ರಿ. ಬೀದಿಯೇ ಅವನ ಮಾತು ನಂಬಿತು.

ದೊಡ್ಡ ಸೋರಿಕೆಗೆ ಕೂಗುವ ಯಂತ್ರಗಳಿದ್ದವು. ಸಣ್ಣಪುಟ್ಟದ್ದಕ್ಕೆ ಮೇಸ್ತ್ರಿ ಇದ್ದಾನಲ್ಲ ಎಂದು ಮ್ಯಾನೇಜರು ಅವನನ್ನು ಉಳಿಸಿಕೊಂಡರು. ಅವನು ದಿನವೂ ಕೊಳವೆಯುದ್ದಕ್ಕೂ ಮೂಸುತ್ತಾ ನಡೆದ. ಏನೂ ಸಿಗಲಿಲ್ಲ. ಒಳಗೊಳಗೇ ಹಿಗ್ಗಿದ.

ಒಂದು ದಿನ ತಪಾಸಣೆಗೆಂದು ಹೊರಗಿನಿಂದ ಒಬ್ಬ ಎಂಜಿನಿಯರಮ್ಮ ಬಂದಳು, ಕೈಯಲ್ಲೊಂದು ಕ್ಯಾಮೆರಾ. ಮೇಸ್ತ್ರಿ ಅವಳ ಹಿಂದೆಯೇ ಸುತ್ತಿ ಇದೇನು, ಅದೇನು ಎಂದು ತಲೆ ತಿಂದ. ಅವಳು ನಕ್ಕು ನೋಡಲೆಂದು ಕ್ಯಾಮೆರಾವನ್ನೇ ಅವನ ಕೈಗಿತ್ತಳು. ಪರದೆಯಲ್ಲಿ ಒಂದು ವಾಲ್ವಿನಿಂದ ಹೊಗೆ ಏಳುತ್ತಿತ್ತು. ಕ್ಯಾಮೆರಾ ಇಳಿಸಿದ, ಹೊಗೆ ಇಲ್ಲ. ಎತ್ತಿದ, ಇದೆ. ಹತ್ತಿರ ಹೋಗಿ ಮೂಸಿದ.

"ವಾಸನೆನೇ ಇಲ್ವಲ್ಲಮ್ಮ?"

"ಅದು ಹೊಗೆಯಲ್ಲ, ಸೋರ್ತಿರೋ ಗ್ಯಾಸು, ಈ ಕ್ಯಾಮೆರಾಗೆ ಮಾತ್ರ ಕಾಣುತ್ತೆ. ಸೋರಿದ್ರೆ ಗೊತ್ತಾಗ್ಲಿ ಅಂತ ಮನೆ ಗ್ಯಾಸಿಗೆ ವಾಸನೆ ಬೆರೆಸ್ತಾರೆ, ಮೇಸ್ತ್ರಿಗಳೇ. ಇದಕ್ಕೆ ಬೆರೆಸಿಲ್ಲ."

ಮೇಸ್ತ್ರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಅವನ ಕುತೂಹಲ ನಾಚಿಕೆಗಿಂತ ಗಟ್ಟಿ. ಊಟಕ್ಕೆ ಕೂತಾಗಲೂ ಬಿಡದೆ ಕೇಳಿದ. ಅವಳು ಬಿಡಿಸಿ ಹೇಳಿದಳು: ಉರಿದಾಗ ಈ ಗ್ಯಾಸು ಅಷ್ಟೇ ಕರೆಂಟಿಗೆ ಕಲ್ಲಿದ್ದಲಿನ ಸುಮಾರು ಅರ್ಧದಷ್ಟು ಇಂಗಾಲ ಬಿಡುತ್ತದೆ. ಉರಿಯದೆ ಸೋರಿದರೆ ಮಾತ್ರ ಕಥೆಯೇ ಬೇರೆ. ಮೊದಲ ಇಪ್ಪತ್ತು ವರ್ಷ ಅದು ಚಿಮಣಿಯಿಂದ ಏಳುವ ಅಷ್ಟೇ ತೂಕದ ಇಂಗಾಲದ ಅನಿಲಕ್ಕಿಂತ ಸುಮಾರು ಎಂಬತ್ತು ಪಟ್ಟು ಶಾಖ ಹಿಡಿದಿಡುತ್ತದೆ. ನೆಲದಿಂದ ತೆಗೆಯುವಾಗ, ಹಡಗಿನಲ್ಲಿ, ಇಲ್ಲಿ, ಎಲ್ಲ ಸೇರಿ ಹೆಚ್ಚು ಸೋರಿದರೆ ಕಲ್ಲಿದ್ದಲು ಬಿಟ್ಟಿದ್ದರ ಲಾಭವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಷ್ಟು ಸೋರುತ್ತದೆ ಎಂದು ಕೇಳಿದ. ಅಳೆದರೆ ತಾನೇ ಗೊತ್ತಾಗುವುದು ಎಂದಳು.

ಆ ಸಂಜೆ ಸ್ಥಾವರದಲ್ಲಿ ಬೀದಿಯವರ ಸಭೆ. ಕ್ಯಾಮೆರಾ ತಪಾಸಣೆ ಪ್ರತಿ ತಿಂಗಳೂ ಬೇಕೇ ಎಂಬ ಮಾತು ಬಂತು. ದುಬಾರಿ ಬಾಬತ್ತು, ನಮ್ಮ ಮೇಸ್ತ್ರಿ ಸಾಲದೇ ಎಂದರು ಮ್ಯಾನೇಜರು. ಎಲ್ಲರೂ ಅವನತ್ತ ತಿರುಗಿದರು.

"ನಿನ್ನ ಮೂಗಿಗೆ ಏನಾದ್ರೂ ಸಿಕ್ತೇನೋ?" ಅಕ್ಕ ಕೇಳಿದಳು.

ಇಲ್ಲ ಎಂದರೆ ಸುಳ್ಳಲ್ಲ. ಅಷ್ಟು ಹೇಳಿ ಕೂತಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು, ಕೆಲಸವೂ.

"ಇಲ್ಲಕ್ಕ. ಸಿಗೋದೂ ಇಲ್ಲ. ಇದಕ್ಕೆ ವಾಸನೆನೇ ಇಲ್ಲ. ಸೋರ್ತಿರೋದನ್ನ ಇವತ್ತು ಕ್ಯಾಮೆರಾದಲ್ಲಿ ನೋಡ್ದೆ."

"ಹಾಗಾದ್ರೆ ಹಳೇ ಹೊಗೆನೇ ವಾಸಿ ಅಂತೀಯಾ?"

"ನಿನ್ನ ಎದೆಗೆ ಇದೇ ವಾಸಿ. ಭೂಮಿಗೆ ಎಷ್ಟು ವಾಸಿ ಅನ್ನೋದು ಅಳೀದೆ ನನಗೂ ಗೊತ್ತಿಲ್ಲ."

ಅವನ ಬಾಯಿಂದ ಗೊತ್ತಿಲ್ಲ ಎಂಬ ಮಾತನ್ನು ಬೀದಿ ಕೇಳಿದ್ದು ಅದೇ ಮೊದಲು. ಮ್ಯಾನೇಜರು, ಕ್ಯಾಮೆರಾ ತರಿಸಿದರೆ ಮೂಸುವ ಕೆಲಸಕ್ಕೆ ಆಳು ಬೇಕಾಗುವುದಿಲ್ಲ ಎಂದರು. ಅಕ್ಕ ತಮ್ಮನ ಮುಖ ನೋಡಿದಳು.

"ತರಿಸಿ ಸಾರ್," ಎಂದ ಮೇಸ್ತ್ರಿ.