ಹನ್ನೊಂದನೆಯ ಸೀಟು

ಕಂಡಕ್ಟರು ಮೂವತ್ತೊಂದು ವರ್ಷ ಬಸ್ಸಿನಲ್ಲೇ ಓಡಾಡಿದರೂ ಎಲ್ಲಿಗೂ ಹೋದವರಲ್ಲ. ಬೆಳಿಗ್ಗೆ ಹತ್ತಿದ ಡಿಪೋದಲ್ಲೇ ಸಂಜೆ ಇಳಿದು ಒಂಟಿ ಕೋಣೆಯ ಬೀಗ ತೆಗೆಯುತ್ತಿದ್ದರು. ಮದುವೆಯ ಗೊಡವೆಗೆ ಹೋಗಲಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾದರೂ ಬೀದಿಯ ಮಕ್ಕಳಿಗೆ ಅವರು ರೈಟ್‌ರೈಟ್ ತಾತನೇ. ಅಂಥವರು ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅಕ್ಕನಿಗಾಗಿ.

ಅಕ್ಕ ಎಂದರೆ ಅವರಿಗೆ ಅಮ್ಮನೂ ಹೌದು. ಹೆತ್ತವಳು ತೀರಿಕೊಂಡಾಗ ಇವರಿಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ತಮ್ಮನನ್ನು ಸಾಕಿ, ಕೆಲಸಕ್ಕೆ ಹಚ್ಚಿ, ಆಮೇಲೆ ಪರದೇಶದ ವೃದ್ಧಾಶ್ರಮವೊಂದರ ಅಡುಗೆಮನೆಗೆ ಕೆಲಸಕ್ಕೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಗಂಡ, ಮಕ್ಕಳು ಎಂದು ಯಾರೂ ಇಲ್ಲ. ಈಗ ಎದೆಯ ಆಪರೇಷನ್. "ಎರಡು ಗಂಟೆಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಅಷ್ಟರಲ್ಲಿ ಬಂದ್ಬಿಡು, ನಿನ್ನ ಮುಖ ನೋಡ್ಕೊಂಡು ಹೋಗ್ತೀನಿ" ಎಂದಿದ್ದಳು ಫೋನಿನಲ್ಲಿ.

ಹಾಸಿಗೆಯಲ್ಲಿ ಮಲಗಿಕೊಂಡೇ ಎಲ್ಲ ಏರ್ಪಾಡನ್ನೂ ಮಾಡಿದವಳು ಅವಳೇ. ವಿಮಾನ ನಿಲ್ದಾಣದ ನಾಲ್ಕನೆಯ ಬಾಗಿಲ ಮುಂದೆ ಬಿಳಿ ವ್ಯಾನು, ಹನ್ನೊಂದು ಸೀಟು, ಒಂದು ಇವರ ಹೆಸರಿಗೆ. ಹನ್ನೆರಡಕ್ಕೆ ಹೊರಟರೆ ಒಂದು ಗಂಟೆಗೆಲ್ಲ ಆಸ್ಪತ್ರೆ. ಅದು ತಪ್ಪಿದರೆ ಇನ್ನೊಂದು ಇರುವುದು ಎರಡಕ್ಕೆ. ಆಸ್ಪತ್ರೆಯ ವಿಳಾಸವನ್ನು ಅಲ್ಲಿನ ಲಿಪಿಯಲ್ಲಿ ಬರೆಸಿ ಮೊದಲೇ ಅಂಚೆಯಲ್ಲಿ ಕಳಿಸಿದ್ದಳು.

ಕಂಡಕ್ಟರು ಹನ್ನೊಂದೂವರೆಗೇ ವ್ಯಾನಿನ ಮುಂದೆ ನಿಂತರು. ಸುಮ್ಮನೆ ಹತ್ತಿ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಜನ ಪೆಟ್ಟಿಗೆಗಳನ್ನು ಅಡ್ಡಡ್ಡ ಇಟ್ಟು ಗೊಂದಲ ಮಾಡುತ್ತಿದ್ದರು. ಡ್ರೈವರು ಮುಂದೆ ಕೂತು ಮೊಬೈಲು ನೋಡುತ್ತಿದ್ದ. ಕಂಡಕ್ಟರ ಕೈ ತಡೆಯಲಿಲ್ಲ. ಮುದುಕಿಯೊಬ್ಬಳ ಸೂಟ್‌ಕೇಸು ಎತ್ತಿಕೊಟ್ಟರು. ಕೂಸಿನ ಗಾಡಿ ಮಡಚಿ ಸೀಟಿನ ಕೆಳಗೆ ತೂರಿಸಿದರು. "ಒಳಗ್ಹೋಗಿ, ಒಳಗ್ಹೋಗಿ" ಎಂದು ನಮ್ಮ ಮಾತಿನಲ್ಲೇ ಗದರಿದರು, ಜನ ಒಳಗೆ ಹೋದರು ಕೂಡ. ಹನ್ನೆರಡಾಯಿತು. ತಲೆ ಎಣಿಸಿದರು, ಹತ್ತು. ಬಾಗಿಲು ಎಳೆದು, ವ್ಯಾನಿನ ಮೈಗೆ ಟಪಟಪ ಎಂದು ಎರಡೇಟು ಕೊಟ್ಟರು.

ವ್ಯಾನು ಹೊರಟಿತು.

ಬಸ್ಸಾಗಿದ್ದರೆ ನಾಲ್ಕು ಹೆಜ್ಜೆ ಓಡಿ ಫುಟ್‌ಬೋರ್ಡಿಗೆ ನೆಗೆಯುತ್ತಿದ್ದರು. ದಿನಕ್ಕೆ ನೂರು ಸಲ ಮಾಡಿದ ಕೆಲಸ ಅದು. ಕಾಲು ಓಡಿತು ಕೂಡ. ಆದರೆ ಆ ವ್ಯಾನಿಗೆ ಫುಟ್‌ಬೋರ್ಡೇ ಇರಲಿಲ್ಲ, ಮುಚ್ಚಿದ ಬಾಗಿಲು ನುಣ್ಣಗೆ ಜಾರಿ ಹೋಯಿತು. ಹಿಂದಿನ ಗಾಜಿನಲ್ಲಿ ಅವರ ಖಾಲಿ ಸೀಟು ಸ್ವಲ್ಪ ದೂರದವರೆಗೆ ಕಾಣುತ್ತಿತ್ತು.

ಟ್ಯಾಕ್ಸಿಗಳೆಲ್ಲ ಮೊಬೈಲಿನಲ್ಲಿ ಕರೆದವರಿಗೆ ಮಾತ್ರ ನಿಲ್ಲುತ್ತಿದ್ದವು. ಇವರ ಮೊಬೈಲು ಆ ನಾಡಿನಲ್ಲಿ ಬಾಯಿ ಬಿಡಲಿಲ್ಲ. ವಿಳಾಸದ ಚೀಟಿ ಹಿಡಿದು ಕಂಡಕಂಡವರ ಮುಂದೆ ನಿಂತರು. ಒಬ್ಬಳು ನಕ್ಕು ಕೈ ಮುಂದೆ ತೋರಿಸಿದಳು, ಇನ್ನೊಬ್ಬ ಹಿಂದೆ ತೋರಿಸಿದ. ಕಡೆಗೆ ಹೋಟೆಲುಗಳ ಹಾಸಿಗೆ ಬಟ್ಟೆ ಸಾಗಿಸುವ ಲಾಂಡ್ರಿ ಲಾರಿಯವನೊಬ್ಬ ಚೀಟಿ ಓದಿ, ಪಕ್ಕದ ಸೀಟು ತಟ್ಟಿದ. ಪುಣ್ಯಾತ್ಮನೇನೋ ಸರಿ, ಆದರೆ ಅವನಿಗೆ ದಾರಿಯಲ್ಲಿ ಎರಡು ಹೋಟೆಲಿಗೆ ಗಂಟು ಇಳಿಸುವುದಿತ್ತು. ಬೇಗ ಆಗಲೆಂದು ಕಂಡಕ್ಟರೂ ಗಂಟು ಹೊತ್ತರು. ದಾರಿಯುದ್ದಕ್ಕೂ ಅವನಿಗೆ ಅಕ್ಕನ ವಿಷಯ ಹೇಳಿದರು. ಒಂದಕ್ಷರ ಅರ್ಥವಾಗದಿದ್ದರೂ ಅವನು ತಲೆಯಾಡಿಸುತ್ತಿದ್ದ.

ಆಸ್ಪತ್ರೆ ಮುಟ್ಟಿದಾಗ ಎರಡೂ ಇಪ್ಪತ್ತೈದು. ಅಕ್ಕ ಒಳಗೆ ಹೋಗಿಯಾಗಿತ್ತು.

ನೀಲಿ ಕುರ್ಚಿಗಳ ಸಾಲಿನಲ್ಲಿ ಕೂತರು. ಬೇರೆಯವರ ಜೊತೆ ಅವರವರ ಮನೆಯವರಿದ್ದರು, ಇವರ ಜೊತೆ ಇವರ ಚೀಲ. ವ್ಯಾನನ್ನು ಕೈಯಾರೆ ಕಳಿಸಿಬಿಟ್ಟೆನಲ್ಲ ಎಂದು ಮತ್ತೆ ಮತ್ತೆ ನೆನೆದರು. ಐದು ಗಂಟೆಯ ಸುಮಾರಿಗೆ ಡಾಕ್ಟರೊಬ್ಬರು ನರ್ಸಿನೊಡನೆ ಬಂದು ಇವರನ್ನು ಸಣ್ಣ ಕೋಣೆಗೆ ಕರೆದೊಯ್ದರು. ಮೇಜಿನ ಮೇಲೆ ಒಂದು ಫೋನಿತ್ತು. ಅದರೊಳಗಿನಿಂದ ಹೆಣ್ಣುಮಗಳೊಬ್ಬಳು ನಮ್ಮ ಭಾಷೆಯಲ್ಲಿ ನಮಸ್ಕಾರ ಎಂದಳು. ಡಾಕ್ಟರ ಮಾತನ್ನು ಇವರಿಗೆ, ಇವರ ಮಾತನ್ನು ಡಾಕ್ಟರಿಗೆ ಹೇಳುವುದು ಅವಳ ಕೆಲಸವಂತೆ.

ಕಂಡಕ್ಟರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿ ಹತ್ತಿರ ಎಳೆದುಕೊಂಡು ನಿಮ್ಮದು ಯಾವೂರು, ಯಾರ ಮಗಳು, ಊಟ ಆಯ್ತೇನಮ್ಮ ಎಂದು ಒಂದೇ ಉಸಿರಿಗೆ ಕೇಳಿದರು. ಅಷ್ಟರಲ್ಲಿ ಡಾಕ್ಟರು ನಿಧಾನವಾಗಿ ಎರಡು ಮಾತಾಡಿದರು.

"ನಿಮ್ಮ ಅಕ್ಕನ್ನ ಉಳಿಸಿಕೊಳ್ಳೋಕೆ ಆಗ್ಲಿಲ್ಲ ಅಂತಿದಾರೆ, ಅಣ್ಣ" ಎಂದಳು ಅವಳು. ಅಣ್ಣ ಎಂಬ ಮಾತನ್ನು ಡಾಕ್ಟರು ಹೇಳಿರಲಿಲ್ಲ.

ಕಂಡಕ್ಟರು ವಿಳಾಸದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ, "ಒಳಗೆ ಹೋಗೋ ಮುಂಚೆ ಏನಾದ್ರೂ ಹೇಳಿದ್ಲಾ, ಕೇಳಮ್ಮ" ಎಂದರು.

ಪ್ರಶ್ನೆ ನರ್ಸಿನವರೆಗೆ ಹೋಗಿ ಉತ್ತರ ತಿರುಗಿ ಬಂತು.

"ಹೇಳಿದ್ರಂತೆ. ಬಾಗಿಲ ಹತ್ರ ಸ್ಟ್ರೆಚರ್ ನಿಲ್ಲಿಸಿ ಅಂತ ಕೈ ಮಾಡಿ, ಐದು ನಿಮಿಷ ಮಾತಾಡಿದ್ರಂತೆ. ಆದ್ರೆ ಎಲ್ಲ ನಮ್ಮ ಭಾಷೇಲಿ. ಅಲ್ಲಿದ್ದ ಯಾರಿಗೂ ಅರ್ಥ ಆಗ್ಲಿಲ್ಲವಂತೆ."

ಡಾಕ್ಟರು ಎದ್ದು ನಿಂತರು. ಕಂಡಕ್ಟರು ಎರಡೂ ಕೈಯಿಂದ ಫೋನನ್ನು ಹಿಡಿದುಕೊಂಡು, ಇಡಬೇಡಮ್ಮ ಎಂದರು. ಅವಳು ಇಡಲಿಲ್ಲ.